ಗೊರಬಲು ಮೇಡಂ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ಹಿರಿಯರು ಹೇಳುತ್ತಾರೆ. ಕಳೆದ ತಿಂಗಳು ಚನ್ನಗಿರಿಯಲ್ಲಿ ನಡೆದ ನುಡಿನಮನದಲ್ಲಿ ಆ ಒಳ್ಳೆಯದನ್ನು ಆಡುವುದಕ್ಕೇ ಜಗಳವಾಯಿತು. ಮೇಡಂ ಫೋಟೋ ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ ಅವರ ಹೆಸರಿನ ಕೆಳಗೆ ಮೊದಲ ಸಾಲು ಯಾವುದಿರಬೇಕಿತ್ತು ಎಂಬುದು ಜಗಳದ ವಿಷಯ. ಸಾರಾಯಿ ಅಂಗಡಿ ಮುಚ್ಚಿಸಿದ್ದು ಮೊದಲು ಬರಬೇಕಿತ್ತು ಎಂದು ಒಂದು ಗುಂಪು. ಹೆಣ್ಣುಮಕ್ಕಳನ್ನು ಓದಿಸಿದ್ದು ಮೊದಲು ಎಂದು ಇನ್ನೊಂದು ಗುಂಪು. ಬ್ಯಾನರ್ ಆಗಲೇ ಪ್ರಿಂಟಾಗಿ ಬಂದು ಗೋಡೆಯ ಮೇಲೆ ನೇತಾಡುತ್ತಿತ್ತು. ಹೂವಿನ ಹಾರ ಹಿಡಿದುಕೊಂಡು ನಿಂತಿದ್ದವರು ಹಾರ ಹಿಡಿದುಕೊಂಡೇ ವಾದ ಮಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಪಕ್ಕದವರು ನಾನು ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ಸವರಿದರು.

ಮೇಡಂ ಬದುಕಿದ್ದರೆ ಈ ಜಗಳವನ್ನು ಬಹಳ ಮೆಚ್ಚುತ್ತಿದ್ದರು. ಜೀವಮಾನವೆಲ್ಲ ಅವರು ಮಾಡಿದ್ದು ಇದನ್ನೇ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಲೆಕ್ಕಕ್ಕೇ ಇಲ್ಲ.

ಅವರ ಹೆಸರು ಇಲ್ಲಿ ಬೇಡ. ಚನ್ನಗಿರಿ, ಹೊನ್ನಾಳಿ ಕಡೆ ಮೇಡಂ ಎಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಅವರ ವಿದ್ಯಾರ್ಥಿಗಳು ಬೆನ್ನ ಹಿಂದೆ ಇನ್ನೂ ಒಂದು ಪದ ಸೇರಿಸಿ 'ಗೊರಬಲು ಮೇಡಂ' ಎನ್ನುತ್ತಿದ್ದರು. ಮೇಡಂ ಹುಟ್ಟಿದ್ದು ಸಂತೇಬೆನ್ನೂರಿನಲ್ಲಿ, ಅಡಿಕೆ ವ್ಯಾಪಾರದ ಮನೆಯಲ್ಲಿ. ಅಡಿಕೆಯನ್ನು ಒಣಗಿಸಿದ ಮೇಲೆ ಸರಕು, ಬೆಟ್ಟೆ, ರಾಶಿ ಎಂದು ಬೇರೆ ಬೇರೆ ಮಾಡುತ್ತಾರೆ. ಎಲ್ಲಕ್ಕಿಂತ ಮೇಲಿನದು ಸರಕು, ಎಲ್ಲಕ್ಕಿಂತ ಕೆಳಗಿನದು ಗೊರಬಲು. ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪನ ಪಕ್ಕದಲ್ಲಿ ಕೂತು ಅಡಿಕೆ ಆರಿಸುತ್ತಿದ್ದರಂತೆ. ಆಮೇಲೆ ಎಂ.ಎ. ಓದಿದರು, ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದರು, ಮಹಿಳಾ ವೇದಿಕೆ ಕಟ್ಟಿದರು. ಆದರೆ ಆರಿಸುವ ಬೆರಳು ಮಾತ್ರ ಬಿಡಲಿಲ್ಲ. ಎದುರಿಗೆ ಯಾರಾದರೂ ಕಷ್ಟ ಹೇಳಿಕೊಳ್ಳಲು ಶುರುಮಾಡಿದರೆ ಮೇಡಂ ಕಣ್ಣು ಮುಚ್ಚುತ್ತಿದ್ದರು. ಬಲಗೈ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಉಜ್ಜುತ್ತಿತ್ತು. ಕಣ್ಣು ಬಿಟ್ಟಾಗ ತೀರ್ಪು ಸಿದ್ಧವಿರುತ್ತಿತ್ತು.

"ಇದು ಸರಕು. ಇದನ್ನ ಹಿಡಿಯಾಣ."

ಇಲ್ಲದಿದ್ದರೆ, "ಗೊರಬಲು. ಆಮೇಲೆ ನೋಡಾಣ."

ಆ 'ಆಮೇಲೆ' ಬಂದದ್ದನ್ನು ನಾನಂತೂ ಕಾಣೆ.

ಅವರು ಒಳ್ಳೆಯದನ್ನು ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆ. ನಮ್ಮ ನ್ಯಾಮತಿಯಲ್ಲಿ ಬೀದಿ ನಡುವೆಯೇ ಸಾರಾಯಿ ಅಂಗಡಿ ಇದ್ದ ಕಾಲದಲ್ಲಿ, ಹೆಂಗಸರನ್ನು ಕಟ್ಟಿಕೊಂಡು ಬಂದು ಬಾಗಿಲ ಮುಂದೆ ಒಲೆ ಹೂಡಿ ರೊಟ್ಟಿ ಸುಡಲು ಕೂರಿಸಿದವರು ಅವರೇ. ಅಂಗಡಿಗೆ ಬಂದವರು ತಮ್ಮ ಅಕ್ಕತಂಗಿಯರನ್ನೋ ಅತ್ತಿಗೆಯನ್ನೋ ದಾಟಿ ಒಳಗೆ ಹೋಗಬೇಕಿತ್ತು. ಯಾರೂ ಹೋಗಲಿಲ್ಲ. ಅಂಗಡಿ ಮುಚ್ಚಿತು. ಆ ಒಲೆಯ ಬೆಂಕಿಯಲ್ಲಿ ಮೇಡಂ ಜೀವನವಿಡೀ ಕೈ ಕಾಯಿಸಿಕೊಂಡರು. ಅದಾದ ಮೇಲೆ ಯಾವ ಹೆಣ್ಣಿನ ಯಾವ ಸಂಕಟ ಬಂದರೂ ಸಾರಾಯಿ ಅಂಗಡಿಯ ಪಕ್ಕದಲ್ಲಿ ಇಟ್ಟು ಅಳೆದು, ಚಿಕ್ಕದಾಯಿತು ಎಂದು ಪಕ್ಕಕ್ಕೆ ಎಸೆಯುತ್ತಿದ್ದರು.

ಒಮ್ಮೆ ಕತ್ತಲಗೆರೆಯಲ್ಲಿ ಸಭೆ. ನಾನು ಹೈಸ್ಕೂಲ್ ಟೀಚರ್, ವೇದಿಕೆಯ ಸದಸ್ಯೆ. ಮೇಡಂ ಜೊತೆ ಹೋಗಿದ್ದೆ. ದಪ್ಪನೆಯ ಮಧ್ಯವಯಸ್ಸಿನ ಹೆಂಗಸೊಬ್ಬಳು ಎದ್ದು ನಿಂತಳು. ಎಲ್ಲರೂ ಒತ್ತಾಯ ಮಾಡಿದ ಮೇಲೆ ಬಾಯಿ ಬಿಟ್ಟಳು.

"ನಮ್ಮನೇಲಿ ಮಾವನ ಮುಂದೆ ಕುರ್ಚಿ ಮ್ಯಾಲೆ ಕೂರಂಗಿಲ್ಲ ಮೇಡಂ. ನಂಗೆ ಮಂಡಿನೋವು ಐತೆ. ನೆಲದ ಮ್ಯಾಲೆ ಕೂತ್ರೆ ಏಳಾಕಾಗಲ್ಲ."

ಮೇಡಂ ಬೆರಳು ಉಜ್ಜಿದರು. "ನೆಲದ ಮೇಲೆ ಕೂರೋದು ಒಂದು ಸಮಸ್ಯೆ ಏನವ್ವ? ಆ ನೆಲ ಯಾರ ಹೆಸರಲ್ಲಿ ಐತೆ, ಅದನ್ನ ಕೇಳು!"

ಮಾತೇನೋ ಚೆನ್ನಾಗಿತ್ತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಹೆಂಗಸು ನಾಚಿಕೊಂಡು ತಾನೂ ನಕ್ಕಳು. ಪಕ್ಕದವಳ ಭುಜ ಹಿಡಿದುಕೊಂಡು, ಮಂಡಿ ಮಡಚಲಾರದೆ ಮಡಚಿ, ಮತ್ತೆ ನೆಲದ ಮೇಲೆ ಕೂತಳು. ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ ಇತ್ತು. ಮೇಡಂ ಅದರ ಮೇಲೆ ತಮ್ಮ ಬ್ಯಾಗು ಇಟ್ಟಿದ್ದರು.

ಬಸ್ಸು ಹೆಣ್ಣುಮಕ್ಕಳಿಗೆ ಫ್ರೀ ಆದ ಹೊಸತರಲ್ಲಿ ಅವರ ಜೊತೆ ಹೊನ್ನಾಳಿಗೆ ಹೋಗುವುದೇ ಒಂದು ಶಿಕ್ಷೆಯಾಗಿತ್ತು. ಕಂಡಕ್ಟರ್ ಬಂದು ಆಧಾರ್ ಕಾರ್ಡ್ ತೋರಿಸಿ ಎಂದರೆ ಇವರು ನೋಟು ಚಾಚುತ್ತಿದ್ದರು.

"ದುಡ್ಡು ತಗೋ. ಹೆಣ್ಣಿಗೆ ಬೇಕಾಗಿರೋದು ಭೂಮಿ, ಪುಕ್ಕಟೆ ಬಸ್ಸಲ್ಲ."

"ಭೂಮಿ ನನ್ನತ್ರ ಇಲ್ಲಮ್ಮ. ಟಿಕೇಟ್ ಐತೆ, ತಗಳ್ರಿ," ಎಂದ ಕಂಡಕ್ಟರ್.

ಬಸ್ಸೆಲ್ಲ ಗೊಳ್ಳೆಂದಿತು. ಮೇಡಂ ಬಿಡಬೇಕಲ್ಲ! ಸ್ತ್ರೀವಾದ ಎಲ್ಲಿಂದ ಶುರುವಾಗಬೇಕು ಎಂದು ನಿಂತ ಬಸ್ಸಿನಲ್ಲಿ ಭಾಷಣ ಹಿಡಿದರು. ಹಿಂದಿನ ಸೀಟಿನಿಂದ ಮಗು ಎತ್ತಿಕೊಂಡ ಹೆಂಗಸು ಕೂಗಿದಳು: "ನಿಮಗೆ ಬ್ಯಾಡಾದ್ರೆ ಇಳೀರಮ್ಮ. ನಮಗೆ ತವರಿಗೆ ಹೋಗಾಕೆ ಈಗೊಂದು ದಾರಿ ಆಗೈತೆ." ಮೇಡಂ ಕಣ್ಣು ಮುಚ್ಚಿದರು, ಬೆರಳು ಉಜ್ಜಿದರು. ಅವಳ ತವರು ಯಾವ ದರ್ಜೆಗೆ ಹೋಯಿತು ಎಂದು ನಾನು ಕೇಳಲಿಲ್ಲ.

ಇಷ್ಟಾದರೂ ಮೇಡಂ ಒಬ್ಬರೇ ಇದ್ದಿದ್ದರೆ ಹೇಗೋ ಸಹಿಸಬಹುದಿತ್ತು. ಕಾಲ ಸುಮ್ಮನಿರುವುದಿಲ್ಲ, ಎದುರಿಗೆ ಇನ್ನೊಬ್ಬರನ್ನು ತಂದು ನಿಲ್ಲಿಸುತ್ತದೆ. ಹೊನ್ನಾಳಿಯಲ್ಲಿ ಒಬ್ಬ ವಕೀಲೆ ಹೊಸ ಬಳಗ ಕಟ್ಟಿದಳು. ಮೂವತ್ತರ ಆಸುಪಾಸು, ಚುರುಕು ಹುಡುಗಿ, ಕೈಯಲ್ಲಿ ಯಾವಾಗಲೂ ಫೋನ್. ಮನೆಯಲ್ಲಿ ಪಾತ್ರೆ ಯಾರು ತೊಳೆಯಬೇಕು, ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯಬೇಕೋ ಬೇಡವೋ, ಫೋನಿನಲ್ಲಿ ಹೆಣ್ಣುಮಕ್ಕಳ ಮಾನ ಹರಾಜು ಹಾಕುವವರನ್ನು ಏನು ಮಾಡಬೇಕು, ಇವೇ ಅವಳ ವಿಷಯಗಳು. ಮೇಡಂ ಸ್ಥಳೀಯ ಪತ್ರಿಕೆಯಲ್ಲಿ ಬರೆದರು: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಅವಳು ಮಾರನೇ ವಾರ ಉತ್ತರ ಬರೆದಳು: ಹಿಟ್ಟನ್ನು ಬೀಸುವವರು ಯಾರು ಎಂದು ಮೇಡಂ ಮೊದಲು ಹೇಳಲಿ. ಊರಿನ ಗಂಡಸರು ಚಹಾ ಅಂಗಡಿಯಲ್ಲಿ ಕೂತು ಓದಿ, ಇಬ್ಬರಿಗೂ ಭೇಷ್ ಎಂದರು. ಹೆಂಗಸರು ಹೀಗೆ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡಿದ್ದರೆ ಅವರಿಗೆ ಯಾವ ಖರ್ಚೂ ಇಲ್ಲ.

ಈ ಹೊಡೆದಾಟದ ನಡುವೆ ಸಿಕ್ಕಿಬಿದ್ದವಳು ಚೈತ್ರಾ.

ಚೈತ್ರಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಅಪ್ಪನಿಗೆ ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ. ಹುಡುಗಿ ದಿನಾ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದಳು. ಕೊನೆಯ ಪರೀಕ್ಷೆ ಹತ್ತಿರವಿತ್ತು. ಆಗ ಯಾವನೋ ಪಾಪಿ ಅವಳ ಮುಖವನ್ನು ಯಾವುದೋ ಬೆತ್ತಲೆ ಮೈಗೆ ಅಂಟಿಸಿ ಫೋನಿನಲ್ಲಿ ಹರಿಯಬಿಟ್ಟ. ಒಂದೇ ದಿನದಲ್ಲಿ ಅದು ಗೊಬ್ಬರದ ಅಂಗಡಿಯವರೆಗೂ ಬಂತು. ಅಪ್ಪ ಮಗಳನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ನಾಳೆಯಿಂದ ಕಾಲೇಜು ಬೇಡ ಎಂದಷ್ಟೇ ಹೇಳಿದ. ಪೊಲೀಸರ ಹತ್ತಿರ ಹೋದರೆ ಮನೆಯ ಹೆಸರು ಇನ್ನಷ್ಟು ಹಾಳಾಗುತ್ತದೆ ಎಂದು ಅದೂ ಬೇಡವೆಂದ.

ನಾನು ಹೋಗಿ ಹೇಳಿದೆ. ಅವನು ಮರ್ಯಾದೆಯಿಂದಲೇ ಕೂರಿಸಿ ಚಹಾ ಕೊಡಿಸಿದ.

"ನಿಮ್ಮ ಮಾತು ತೆಗೆದಾಕ್ತೀನಿ ಅಂತಲ್ಲ ಟೀಚರ್ರೇ. ಹೆಣ್ಣು ಹೆತ್ತೋನ ಕಷ್ಟ ನಿಮಗೆ ಹೆಂಗೆ ಗೊತ್ತಾಗಬೇಕು? ಪರೀಕ್ಷೆ ಏನು, ಬದುಕಿದ್ರೆ ಯಾವಾಗಾದ್ರೂ ಬರೀಬೋದು."

ಚೈತ್ರಾ ನನ್ನನ್ನು ಬಸ್ ಸ್ಟ್ಯಾಂಡಿನ ತಿರುವಿನವರೆಗೂ ಬಿಡಲು ಬಂದಳು. ಅತ್ತು ಅತ್ತು ಅವಳ ಕಣ್ಣು ಬಾತುಹೋಗಿತ್ತು. "ಅಪ್ಪಾಜಿ ಒಬ್ಬರ ಮಾತು ಕೇಳ್ತಾರೆ ಟೀಚರ್. ಚನ್ನಗಿರಿ ಮೇಡಂ ಮಾತು. ಅವರೊಂದ್ಸಲ ಬಂದು ಹೇಳಿದ್ರೆ ನಂಗೆ ಪರೀಕ್ಷೆ ಬರಿಯಾಕೆ ಬಿಡ್ತಾರೆ," ಎಂದಳು. ಕಾರಣವಿತ್ತು. ಅವಳ ದೊಡ್ಡಪ್ಪ ಕುಡಿದು ಕುಡಿದು ಸತ್ತಿದ್ದ. ಆ ಸಾರಾಯಿ ಅಂಗಡಿ ಮುಚ್ಚಿಸಿದ ಮೇಡಂ ಎಂದರೆ ಅವಳಪ್ಪನಿಗೆ ದೇವರ ಸಮಾನ.

ಅವತ್ತೇ ಮೇಡಂಗೆ ಫೋನ್ ಮಾಡಿದೆ. ಚನ್ನಗಿರಿಯಿಂದ ನ್ಯಾಮತಿ ಏನು ಕಾಶಿಯಷ್ಟು ದೂರವೇ? ಒಂದು ಮಧ್ಯಾಹ್ನದ ಕೆಲಸ.

"ಸಭೇಲಿ ಇಡು," ಎಂದರು ಮೇಡಂ.

"ಸಭೆಗೆ ಇನ್ನೂ ಟೈಮ್ ಐತ್ರೀ ಮೇಡಂ. ನೀವು ಬಂದು ಅವಳಪ್ಪನ ಹತ್ರ ಒಂದು ಮಾತು ಹೇಳಿದ್ರೆ ಸಾಕು."

"ಒಬ್ಬಳಿಗೋಸ್ಕರ ಮನೆಗೆ ಹೋಗಿ ಮಾತಾಡಿದ್ರೆ ಅದು ಪಂಚಾಯ್ತಿ ಆಗ್ತತಿ, ಚಳವಳಿ ಆಗಲ್ಲ. ಫೋನಿನ ರಗಳೆ ಇವೆಲ್ಲ. ಫೋನ್ ಇಟ್ಕೊಂಡಿದ್ದಕ್ಕೆ ತಾನೇ ಬಂದಿದ್ದು? ಸಭೇಲಿ ಇಡು, ಎಲ್ಲರೂ ಸೇರಿ ಆದ್ಯತೆ ನೋಡಾಣ."

ಫೋನಿನ ಆ ಕಡೆ ಬೆರಳು ಉಜ್ಜುತ್ತಿತ್ತು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಆ ಸಭೆಯನ್ನು ನಾನು ಸಾಯುವವರೆಗೂ ಮರೆಯಲಾರೆ. 'ಇಂದಿನ ಸ್ತ್ರೀವಾದ: ಯಾವುದು ಮೊದಲು?' ಚನ್ನಗಿರಿಯ ಸಮುದಾಯ ಭವನದಲ್ಲಿ ಬಹಿರಂಗ ಚರ್ಚೆ. ವೇದಿಕೆಯ ಒಂದು ಕಡೆ ಮೇಡಂ, ಇನ್ನೊಂದು ಕಡೆ ಹೊನ್ನಾಳಿಯ ವಕೀಲೆ. ಮೂರನೇ ಸಾಲಿನಲ್ಲಿ ನನ್ನ ಪಕ್ಕ ಚೈತ್ರಾ. ಹೊನ್ನಾಳಿ ಆಸ್ಪತ್ರೆಗೆ ಹೋಗಿ ಜ್ವರದ ಮಾತ್ರೆ ತರುತ್ತೇನೆಂದು ಅಪ್ಪನಿಗೆ ಸುಳ್ಳು ಹೇಳಿ ಬಂದಿದ್ದಳು.

ಮೇಡಂ ಭೂಮಿಯಿಂದ ಶುರು ಮಾಡಿದರು. ಭೂಮಿ, ಕೂಲಿ, ಕುಡಿತ, ಬಾಲ್ಯವಿವಾಹ. ಜಗಳೂರು ಕಡೆಯ ಹೆಣ್ಣುಮಕ್ಕಳು ನೀರಿಗಾಗಿ ಎಷ್ಟು ನಡೆಯುತ್ತಾರೆ ಎಂದು ಕೇಳಿ, ಅವರ ಮುಂದೆ ನಿಮ್ಮ ರೀಲ್ಸಿನ ಗೋಳು ಎಷ್ಟರದು ಎಂದರು. ವಕೀಲೆ ಎದ್ದು, ಜಗಳೂರಿನ ಹೆಣ್ಣುಮಕ್ಕಳ ಕೊಡವನ್ನು ಮೇಡಂ ಎಷ್ಟು ವರ್ಷದಿಂದ ಭಾಷಣದಲ್ಲಿ ಹೊರುತ್ತಿದ್ದಾರೆ, ಒಂದು ದಿನವಾದರೂ ತಲೆಯ ಮೇಲೆ ಹೊತ್ತಿದ್ದಾರೆಯೇ ಎಂದಳು. ಚಪ್ಪಾಳೆ. ಮೇಡಂ ಕಡೆಯವರು ಎದ್ದರು. ವಕೀಲೆ ಕಡೆಯವರೂ ಎದ್ದರು. ಜಗಳೂರಿನಿಂದ ಇಬ್ಬರು ಹೆಂಗಸರನ್ನು ಸಾಕ್ಷಿಗೆಂದು ಕರೆಸಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಅವರು ಕೊನೆಯವರೆಗೂ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತೇ ಇದ್ದರು.

ನಾನು ಚೈತ್ರಾಳ ವಿಷಯ ಬರೆದು ಚೀಟಿ ಕಳಿಸಿದೆ. ಮೇಡಂ ಓದಿ ಮಡಚಿ ನೀರಿನ ಲೋಟದ ಕೆಳಗೆ ಇಟ್ಟರು. ಎದ್ದು ಬಂದು ಅದನ್ನು ಬಿಡಿಸಿ ಓದಿದ ವಕೀಲೆಯ ಮುಖ ಅರಳಿತು. ಓಡಿಬಂದು ಚೈತ್ರಾಳ ಕೈ ಹಿಡಿದುಕೊಂಡಳು.

"ನೋಡ್ರಿ, ನಾನು ಹೇಳ್ತಿದ್ದದ್ದು ಇದನ್ನೇ! ಬಾರಮ್ಮ, ಸ್ಟೇಜಿಗೆ ಬಾ. ನಿನ್ನ ಬಾಯಿಂದಲೇ ಹೇಳು. ಮುಖ ಕಾಣದಂಗೆ ವಿಡಿಯೋ ಮಾಡ್ತೀವಿ."

ಹುಡುಗಿ ಕೈ ಬಿಡಿಸಿಕೊಂಡಳು. "ವಿಡಿಯೋ ಬ್ಯಾಡ ಅಕ್ಕ. ಅಪ್ಪಾಜಿ ಹತ್ರ ಯಾರಾದ್ರೂ ಬಂದು ಹೇಳ್ರಿ, ಪರೀಕ್ಷೆ ಬರ್ದು ಬಿಡ್ತೀನಿ. ಅಷ್ಟೇ."

"ಅಷ್ಟೇ ಅಂತೀಯಲ್ಲ! ಇದು ನಿನ್ನ ಒಬ್ಬಳ ವಿಷಯ ಅಲ್ಲಮ್ಮ," ಎಂದಳು ವಕೀಲೆ.

"ಇದು ವಿಷಯಾನೇ ಅಲ್ಲ," ಎಂದರು ಮೇಡಂ ಮೈಕಿನಲ್ಲಿ.

ಮತ್ತೆ ಶುರುವಾಯಿತು. ಒಬ್ಬರಿಗೆ ಅವಳು ತೀರಾ ಚಿಕ್ಕವಳು, ಇನ್ನೊಬ್ಬರಿಗೆ ತೀರಾ ದೊಡ್ಡವಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ, ಕೂಸು ಮಾತ್ರ ಬಡವಾಯಿತು. ಕೈ ಎತ್ತಿಸಿ ಎಲ್ಲ ವಿಷಯಗಳಿಗೂ ಸರದಿ ಹಾಕಿದರು. ಚೈತ್ರಾಳದು 'ಇತರೆ' ಎಂಬಲ್ಲಿಗೆ ಹೋಯಿತು. 'ಇತರೆ'ಯನ್ನು ಮಂಡಕ್ಕಿ ಮಿರ್ಚಿ ಆದ ಮೇಲೆ ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ಮಿರ್ಚಿ ತಿಂದವರೆಲ್ಲ ಕೈ ಒರೆಸಿಕೊಂಡು ಫೋಟೋ ತೆಗೆಸಿಕೊಂಡು ಹೊರಟರು. ಚೈತ್ರಾ ಮಂಡಕ್ಕಿ ಪೊಟ್ಟಣವನ್ನು ಬಿಚ್ಚದೆ ಕುರ್ಚಿಯ ಮೇಲೇ ಇಟ್ಟು, "ಬಸ್ಸಿಗೆ ಹೊತ್ತಾತು ಟೀಚರ್," ಎಂದು ಎದ್ದಳು.

ಪರೀಕ್ಷೆ ನಡೆಯಿತು, ಅವಳು ಬರೆಯಲಿಲ್ಲ. ಅದೇ ಬೇಸಿಗೆಯಲ್ಲಿ ಮದುವೆ ಗೊತ್ತಾಯಿತು. ಗಂಡು ಜಗಳೂರಿನವನು. ವಿಷಯ ಅಷ್ಟು ದೂರಕ್ಕೆ ಹೋಗಿರಲಿಕ್ಕಿಲ್ಲ ಎಂದು ಅಪ್ಪನ ಲೆಕ್ಕ.

ಮದುವೆಗೆ ಮೇಡಂ ಬಂದರು. ಅವಳಪ್ಪ ಖುದ್ದಾಗಿ ಚನ್ನಗಿರಿಗೆ ಹೋಗಿ ಲಗ್ನಪತ್ರಿಕೆ ಕೊಟ್ಟು ಕರೆದಿದ್ದ. ಒಬ್ಬಳಿಗೋಸ್ಕರ ಮನೆಗೆ ಬಂದರೆ ಪಂಚಾಯ್ತಿಯಾಗುತ್ತದೆ, ಮದುವೆ ಊಟಕ್ಕೆ ಬಂದರೆ ಏನಾಗುತ್ತದೋ ನಾನು ಕೇಳಲಿಲ್ಲ. ಮುಂದಿನ ಸೋಫಾದಲ್ಲಿ ಕೂರಿಸಿದರು. ಬಂದವರೆಲ್ಲ ಕೈ ಮುಗಿದರು. ಊಟವಾದ ಮೇಲೆ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ಮೇಡಂ ಅವಳಪ್ಪನನ್ನು ಪಕ್ಕಕ್ಕೆ ಕರೆದು ದೊಡ್ಡ ಮನಸ್ಸು ಮಾಡಿದರು. ನಾನು ಅಲ್ಲೇ ನಿಂತಿದ್ದೆ.

"ಹುಡುಗಿ ಪರೀಕ್ಷೆ ಒಂದು ಬರೆಸಬೋದಿತ್ತಲ್ಲಪ್ಪ. ಓದು ಅರ್ಧಕ್ಕೆ ಬಿಡಿಸಬಾರ್ದಿತ್ತು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ವ್ಯಂಗ್ಯ ಗೊತ್ತಿಲ್ಲದ ಮನುಷ್ಯ. ಮನಸ್ಸಿನಲ್ಲಿದ್ದುದನ್ನು ಹೇಳಿದ.

"ನೀವು ಬರ್ತೀರೇನೋ ಅಂತ ಕಾದ್ವಿ ಮೇಡಮ್ಮೋರೆ. ಹುಡುಗಿ ಹೇಳ್ತಿತ್ತು, ಬಂದೇ ಬರ್ತಾರೆ ಅಂತ. ಹಾಲ್ ಟಿಕೆಟ್ ಕೊಡೋ ದಿನದವರೆಗೂ ನೋಡಿದ್ವಿ. ನೀವು ಬಂದು ಬರೆಸು ಅಂದಿದ್ರೆ ನಾನು ಇಲ್ಲ ಅಂತಿದ್ನಾ? ನೀವು ಬರಲಿಲ್ಲ. ನಿಮ್ಮಂಥೋರೇ ಸುಮ್ಮನಿದ್ದಾರೆ ಅಂದ ಮೇಲೆ ನಾನು ಬಿಡಿಸಿದ್ದೇ ಸರಿ ಇರಬೇಕು ಅಂದ್ಕಂಡೆ."

ಮೇಡಂ ಬೆರಳು ಒಂದು ಸಲ ಉಜ್ಜಿತು, ನಿಂತಿತು. ಆಮೇಲೆ ಅವರು ನೀರು ಕೇಳಿದರು.

ವಾಪಸ್ ಬರುವಾಗ ಅವರನ್ನು ಬಸ್ಸು ಹತ್ತಿಸಲು ಹೋದೆ. ಏನಾದರೂ ಹೇಳುತ್ತಾರೆ ಎಂದು ಕಾದೆ. ಹೇಳಿದರು. ಮದುವೆಯಲ್ಲಿ ಅನ್ನ ಬಹಳ ದಂಡವಾಯಿತು, ಮುಂದಿನ ಸಭೆಯಲ್ಲಿ ಆಡಂಬರದ ಮದುವೆಯ ವಿಷಯ ಎತ್ತಿಕೊಳ್ಳಬೇಕು ಎಂದರು. ಅವತ್ತೇ ನಾನು ಮಹಿಳಾ ವೇದಿಕೆ ಬಿಟ್ಟೆ. ತಪ್ಪಾಯಿತು ಎಂದು ಒಂದು ಮಾತು ಆಡಿದ್ದರೆ ಎಲ್ಲವನ್ನೂ ನುಂಗಿಕೊಂಡು ಮತ್ತೆ ಅವರ ಬ್ಯಾಗು ಹೊರುತ್ತಿದ್ದೆನೇನೋ. ನಮ್ಮಂಥವರ ಹಣೆಬರಹವೇ ಅಷ್ಟು. ಆದರೆ ಆ ಮಾತು ಅವರ ಬಾಯಲ್ಲಿ ಹುಟ್ಟಲಿಲ್ಲ.

ಅವರು ಹೋದದ್ದೂ ಅದೇ ಬುದ್ಧಿಯಿಂದ. ಸಕ್ಕರೆ ಕಾಯಿಲೆ ಇತ್ತು. ಕಾಲ್ಬೆರಳಿಗೆ ಚಪ್ಪಲಿ ಕಚ್ಚಿ ಸಣ್ಣ ಹುಣ್ಣಾಯಿತು. ಯಾರು ತೋರಿಸಿ ಎಂದರೂ ಗೊರಬಲು ಎಂದರಂತೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕಾಲೆಲ್ಲ ಕಪ್ಪಾಗಿತ್ತು. ಸುದ್ದಿ ಕೇಳಿದಾಗ ನನಗೆ ಒಂದು ಗಳಿಗೆ ಅಯ್ಯೋ ಎನ್ನಿಸಿತು. ಒಂದೇ ಗಳಿಗೆ, ಹೆಚ್ಚಿಲ್ಲ.

ನುಡಿನಮನಕ್ಕೆ ನಾನು ಹೋದದ್ದು ಊರಿನವರ ಬಾಯಿಗೆ ಹೆದರಿ. ಬ್ಯಾನರಿನ ಜಗಳ ತಣ್ಣಗಾದ ಮೇಲೆ ಭಾಷಣಗಳು ಶುರುವಾದವು. ಹೊನ್ನಾಳಿಯ ವಕೀಲೆಯೂ ಬಂದಿದ್ದಳು. ಮೇಡಂ ತನ್ನ ಗುರು ಎಂದಳು, ಕಣ್ಣು ಒರೆಸಿಕೊಂಡಳು. ಮೇಡಂ ಜಾಗ ಖಾಲಿಯಾಗಿದೆಯಲ್ಲ. ಮಾತಿನ ನಡುವೆ ಅವಳ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ನಾನು ಕನ್ನಡಕ ಒರೆಸಿ ಹಾಕಿಕೊಂಡು ಮತ್ತೊಮ್ಮೆ ನೋಡಿದೆ. ಹೌದು, ಉಜ್ಜುತ್ತಲೇ ಇತ್ತು.

ಆಗ ನನ್ನ ಮುಂದಿನ ಸಾಲಿನಲ್ಲಿ ಯಾರೋ ಬಂದು ಕೂತರು. ಬಸ್ಸಿಳಿದು ಬಂದ ಧೂಳು ಸೀರೆಯ ಅಂಚಿನಲ್ಲಿತ್ತು. ಚೈತ್ರಾ. ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಳು. ನನ್ನನ್ನು ಕಂಡು ನಕ್ಕಳು. ಕಾರ್ಯಕ್ರಮ ನಡೆಸುತ್ತಿದ್ದವರು ಸಾಲುಗಳ ನಡುವೆ ಬಂದು ಊರು ವಿಚಾರಿಸಿ, ಜಗಳೂರಿನಿಂದ ಇಷ್ಟು ದೂರ ಬಂದಿದ್ದೀರಿ, ನೀವೂ ಎರಡು ಮಾತಾಡಿ ಎಂದರು. ಮುಖ್ಯ ಗಣ್ಯರದೆಲ್ಲ ಮುಗಿಯಲಿ, ಆಮೇಲೆ ಕರೆಯುತ್ತೇವೆ ಎಂದೂ ಸೇರಿಸಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಎದ್ದು ಹೋಗಿ ಫೋಟೋಗೆ ಒಂದು ಹೂವು ಇಟ್ಟು ಬಂದಳು.

ಅವಳ ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದಳು: "ಇವರು ನಿನಗೆ ಏನಾಗಬೇಕವ್ವ? ಬಂಧುಗಳಾ?"

"ಏನೂ ಆಗಬೇಕಿಲ್ಲ ಅಜ್ಜಿ," ಎಂದಳು ಚೈತ್ರಾ, ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತ. "ನಮ್ಮಪ್ಪಾಜಿ ಒಬ್ಬರ ಮಾತು ಕೇಳ್ತಿದ್ರು. ಇವರೇ ಅವರು."